ಸಾಕವ್ವನಿಂದ ಪುಟ್ಟಕ್ಕನವರೆಗೆ: ಉಮಾಶ್ರೀ ಅವರ ನಟನೆ

ಕಲಬುರಗಿಯ ಸ್ಟೇಶನ್ ಬಜಾರದಲ್ಲಾಗಲಿ ಕಮಲಾಪುರದಲ್ಲಾಗಲಿ, ಸಂಜೆ ಟಿವಿ ಮುಂದೆ ಕೂಡುವವರಿಗೆ ಉಮಾಶ್ರೀ ಎಂದರೆ ಮೊದಲು ನೆನಪಾಗುವುದು ಪುಟ್ಟಕ್ಕ. 2021ರ ಡಿಸೆಂಬರಿನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಗಂಡ ಕೈಬಿಟ್ಟ ಮೇಲೆ ಊಟದ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಬೆಳೆಸುವ ತಾಯಿಯ ಪಾತ್ರ ಅದು. ನಾಟಕದ ಹಿರಿಯ ಕಲಾವಿದರು ಧಾರಾವಾಹಿಗೆ ಬಂದಾಗಲೆಲ್ಲ, ಹೊಟ್ಟೆಪಾಡಿಗಾಗಿ ಕಲೆಯ ಮೆಟ್ಟಿಲು ಇಳಿದರು ಎಂಬ ಮಾತು ಕೇಳಿಬರುತ್ತದೆ. ಉಮಾಶ್ರೀ ಅವರ ಬದುಕು ಆ ಮಾತನ್ನು ಒಪ್ಪುವುದಿಲ್ಲ. ಅವರು ರಂಗದ ಮೇಲೆ ಕಲಿತದ್ದೇ ಟಿವಿಯ ಪಾತ್ರಕ್ಕೂ ಜೀವ ಕೊಟ್ಟಿದೆ.

ಉಮಾಶ್ರೀ ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಅವರಿಗೆ ದೊಡ್ಡ ಹೆಸರು ತಂದುಕೊಟ್ಟದ್ದು ದೇವನೂರ ಮಹಾದೇವ ಅವರ ‘ಒಡಲಾಳ’ದ ರಂಗರೂಪ. ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶಿಸಿದ ಆ ನಾಟಕದಲ್ಲಿ, ಕಳೆದುಹೋದ ಹುಂಜವನ್ನು ಹುಡುಕಿಕೊಂಡು ಅಲೆಯುವ ಮುದುಕಿ ಸಾಕವ್ವನಾಗಿ ನಟಿಸಿದಾಗ ಅವರಿನ್ನೂ ಎಳೆಯ ವಯಸ್ಸಿನವರು. ಮುಪ್ಪು, ಹಸಿವು, ಬೈಗುಳ, ಮಮತೆ ಇವೆಲ್ಲವನ್ನೂ ಒಂದೇ ಮೈಯಲ್ಲಿ ಹೊತ್ತು, ಕೊನೆಯ ಸಾಲಿನಲ್ಲಿ ಕೂತವರಿಗೂ ಮುಟ್ಟುವಂತೆ ಆಡಬೇಕಾದ ಪಾತ್ರ ಅದು. ರಂಗದ ಮೇಲೆ ತಪ್ಪಿದರೆ ಮತ್ತೊಂದು ಟೇಕ್ ಇಲ್ಲ. ಪಾತ್ರದ ಮೊದಲಿನಿಂದ ಕೊನೆಯವರೆಗಿನ ನಡೆ ನಟಿಯ ಒಳಗೇ ಇರಬೇಕು. ಧಾರಾವಾಹಿಯಲ್ಲಿ ಈ ಗುಣವೇ ಕೆಲಸಕ್ಕೆ ಬರುತ್ತದೆ. ಅಲ್ಲಿ ದೃಶ್ಯಗಳನ್ನು ಕತೆಯ ಕ್ರಮದಲ್ಲಿ ಚಿತ್ರಿಸುವುದಿಲ್ಲ. ಎಷ್ಟೋ ಸಲ ಮಾತು ಕೈಗೆ ಸಿಗುವುದು ಅವತ್ತೇ. ಇಂದು ಮಗಳ ಮದುವೆಯ ಅಳು, ನಾಳೆ ಅದಕ್ಕೂ ಹಿಂದಿನ ಜಗಳ. ಪಾತ್ರದ ಬದುಕು ಪೂರ್ತಿ ತಿಳಿದವರಿಗೆ ಮಾತ್ರ ಇಂಥ ಚೂರುಗಳಲ್ಲೂ ಒಂದೇ ಹೆಂಗಸಾಗಿ ಉಳಿಯಲು ಸಾಧ್ಯ.

ನಡುವಿನ ವರ್ಷಗಳನ್ನು ತೋರಿಸಿ ಆಕ್ಷೇಪಿಸುವವರಿದ್ದಾರೆ. ಸಿನಿಮಾದಲ್ಲಿ ಉಮಾಶ್ರೀ ಬಹುಕಾಲ ಎನ್.ಎಸ್. ರಾವ್ ಅವರಂಥ ಹಾಸ್ಯನಟರ ಜೋಡಿಯಾಗಿ, ದ್ವಂದ್ವಾರ್ಥದ ಮಾತಿನ ಪಾತ್ರಗಳಲ್ಲಿ ಕಾಣಿಸಿಕೊಂಡರು. ನಿಜ. ಆದರೆ ಆ ದೋಷವನ್ನು ನಟಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಸಾಕವ್ವನನ್ನು ಕಂಡ ಮೇಲೂ ಹೆಚ್ಚಾಗಿ ಅಂಥ ಪಾತ್ರಗಳನ್ನೇ ಕೊಟ್ಟ ಚಿತ್ರರಂಗ ಅದಕ್ಕೆ ಉತ್ತರಿಸಬೇಕು. ಸರಿಯಾದ ಪಾತ್ರ ಸಿಕ್ಕಾಗ ಏನಾಯಿತು ಎಂಬುದಕ್ಕೆ ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸು’ ಸಾಕ್ಷಿ. 2008ರ ಆ ಚಿತ್ರದ ನಟನೆಗೆ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ವೈದೇಹಿ ಅವರ ಕತೆಯಲ್ಲಿದ್ದ ಟಾಕೀಸಿನ ಜಾಗಕ್ಕೆ ಚಿತ್ರದಲ್ಲಿ ಡಿಶ್ ಆಂಟೆನಾ ಇರುವ ಟಿವಿ ಬರುತ್ತದೆ. ಕರಾವಳಿಯ ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿಯ ಮನೆಗೆ ಆ ಟಿವಿ ಬಂದೊಡನೆ ಊರ ಹೆಂಗಸರು ಅಲ್ಲಿ ನೆರೆಯುತ್ತಾರೆ. ನಾಟಕಕ್ಕೆ ಹೋಗಲು ಮನೆಯವರ ಅಪ್ಪಣೆ, ಹೊತ್ತು, ದುಡ್ಡು ಮೂರೂ ಇಲ್ಲದ ಹೆಣ್ಣಿಗೆ ಟಿವಿ ಏನಾಗಬಲ್ಲದು ಎಂಬುದನ್ನು ಈ ಚಿತ್ರ ಕಾಣಿಸುತ್ತದೆ. ಅಂಥ ಮನೆಗಳಿಗೆ ಒಳ್ಳೆಯ ನಟನೆ ಮುಟ್ಟಬಾರದು ಎನ್ನಲು ಯಾರಿಗೂ ಹಕ್ಕಿಲ್ಲ.

ಧಾರಾವಾಹಿಗಳು ಹೆಣ್ಣಿನ ಸಹನೆಯನ್ನೇ ಹೊಗಳಿ ಅವಳನ್ನು ಇನ್ನಷ್ಟು ಕಟ್ಟಿಹಾಕುತ್ತವೆ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ವರ್ಷಗಟ್ಟಲೆ ಎಳೆಯುವ ಕತೆಯಲ್ಲಿ ಕಣ್ಣೀರು ಅಗ್ಗವಾಗುವುದೂ ಉಂಟು. ಇದನ್ನು ಒಪ್ಪಲೇಬೇಕು. ಹಾಗಿದ್ದೂ ಗಂಡುಮಗು ಹುಟ್ಟಲಿಲ್ಲವೆಂದು ಗಂಡ ಬಿಟ್ಟುಹೋದವಳು ದುಡಿದು ತಲೆಯೆತ್ತಿ ನಿಲ್ಲುವುದನ್ನು ದಿನವೂ ನೋಡುವುದು ಸಣ್ಣ ಸಂಗತಿಯಲ್ಲ. ಬರಹದಲ್ಲಿ ಅಳುಬುರುಕಿಯಾಗಬಹುದಾಗಿದ್ದ ಪುಟ್ಟಕ್ಕನಿಗೆ ಉಮಾಶ್ರೀ ದುಡಿಮೆಗಾರ್ತಿಯ ಗತ್ತು ಕೊಟ್ಟರು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳದಿಂದ ಶಾಸಕಿಯಾಗಿ ಗೆದ್ದು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಚಿವೆಯಾಗಿ ಕೆಲಸ ಮಾಡಿದ ಮೇಲೂ ಅವರು ಬಣ್ಣ ಹಚ್ಚುವುದನ್ನು ಕೀಳೆಂದು ಬಗೆಯಲಿಲ್ಲ.

ಕಲಬುರಗಿ ಭಾಗದ ನಾವು ಅವರ ನಟನೆಯಿಂದ ಪಡೆಯಬೇಕಾದ ಪಾಠವೊಂದಿದೆ. ಸಾಕವ್ವನದು ನಂಜನಗೂಡು ಸೀಮೆಯ ಮಾತು, ಗುಲಾಬಿಯದು ಕರಾವಳಿಯದು, ಪುಟ್ಟಕ್ಕನದು ಹಳೇ ಮೈಸೂರಿನ ಕಡೆಯದು. ತುಮಕೂರು ಸೀಮೆಯ ನಟಿಯೊಬ್ಬರು ಇವನ್ನೆಲ್ಲ ನಾಲಗೆಗೆ ಒಗ್ಗಿಸಿಕೊಂಡರು, ನೋಡುಗರೂ ಒಪ್ಪಿದರು. ಹಾಗಾದರೆ ಕಲಬುರಗಿಯ ಕನ್ನಡ ಯಾರಿಗೂ ತಿಳಿಯದು, ನಗಿಸಲಿಕ್ಕಷ್ಟೇ ಸರಿ ಎಂಬ ನೆಪ ನಿಲ್ಲುವುದಿಲ್ಲ. ನಮ್ಮ ಮಾತನ್ನಾಡುವ ತಾಯಿ, ಟೀಚರು, ಅಂಗಡಿಯಾಕೆ ಟಿವಿಯಲ್ಲಿ ಗಂಭೀರ ಪಾತ್ರಗಳಾಗಿ ಬರಬೇಕಾದರೆ ಅವರನ್ನು ಆಡಬಲ್ಲ ನಟಿಯರು ಇಲ್ಲಿಯೇ ತಯಾರಾಗಬೇಕು. ಕಲಬುರಗಿಯಲ್ಲಿ ರಂಗಾಯಣವಿದೆ, ಎಸ್.ಎಂ. ಪಂಡಿತ ರಂಗಮಂದಿರವಿದೆ. ಮಗಳು ನಟಿಸುತ್ತೇನೆ ಎಂದರೆ ಹೆದರಿಸಿ ಕೂಡಿಸಬೇಡಿ. ನಾಟಕದ ತಾಲೀಮಿಗೆ ಕಳಿಸಿ, ಪ್ರಯೋಗದ ದಿನ ನೀವೂ ಟಿಕೆಟು ಕೊಂಡು ಮುಂದಿನ ಸಾಲಿನಲ್ಲಿ ಕೂಡಿ.