ಸಂಬಳದ ಲೆಕ್ಕಕ್ಕೆ ಕಂಪ್ಯೂಟರ್: ಹಾಕಿಸುವ ಮೊದಲು ನಾವು ತಿಳಿಯಬೇಕಾದದ್ದು



ಸಂಘದ ಹೊಲಿಗೆ ಘಟಕದಲ್ಲಿ ಸಂಬಳ ಹಂಚುವ ದಿನ ಹೇಗಿರುತ್ತದೆ ಎಂದು ಸ್ವಲ್ಪ ನೆನಪು ಮಾಡಿಕೊಳ್ಳಿ. ಕಾರ್ಯದರ್ಶಿ ನೋಟ್‌ಬುಕ್ ಹಿಡಿದು ಒಬ್ಬೊಬ್ಬರ ಹೆಸರು ಕರೆಯುತ್ತಾರೆ. ಅಷ್ಟರಲ್ಲಿ ಒಬ್ಬಾಕೆ, "ಅಕ್ಕಾ, ನಾನು ಹದಿನೆಂಟು ಅಂಗಿ ಜಾಸ್ತಿ ಹೊಲಿದಿದ್ದೆ, ಇಲ್ಲಿ ಬರೆದೇ ಇಲ್ಲವಲ್ಲ?" ಎನ್ನುತ್ತಾಳೆ. ಇನ್ನೊಬ್ಬಳು, "ನನ್ನ ಮುಂಗಡ ಹೋದ ತಿಂಗಳೇ ತೀರಿತ್ತು, ಮತ್ತೆ ಐನೂರು ಯಾಕೆ ಹಿಡಿದ್ರಿ?" ಎಂದು ಕೇಳುತ್ತಾಳೆ. ಪುಟ ತಿರುವಿ ಹುಡುಕುವುದರಲ್ಲೇ ಸಂಜೆಯಾಗುತ್ತದೆ. ಮೊತ್ತ ಸಣ್ಣದೇ. ಆದರೆ ಎಷ್ಟೋ ಸಂಘಗಳು ಒಡೆಯುವುದು ಇಂಥ ಸಣ್ಣ ಮೊತ್ತದ ಅನುಮಾನದಿಂದ.

ಆಗ ಯಾರಾದರೂ ಹೇಳುತ್ತಾರೆ: "ಕಂಪ್ಯೂಟರಿಗೆ ಹಾಕಿಬಿಡೋಣ. ಸಂಬಳದ ಸಾಫ್ಟ್‌ವೇರ್ ಫ್ರೀ ಸಿಗ್ತದಂತೆ." ಮಾತು ಸರಿಯೇ. ಆದರೆ ಯಾವುದನ್ನು ಆರಿಸಬೇಕು? ಉಚಿತ ಎಂದರೆ ನಿಜವಾಗಿ ಉಚಿತವೇ? ಇದನ್ನು ತಿಳಿಯದೆ ಕೈಹಾಕಿದರೆ ನೋಟ್‌ಬುಕ್ಕಿನ ಗೊಂದಲವೇ ಕಂಪ್ಯೂಟರಿಗೆ ಹೋಗಿ ಕೂರುತ್ತದೆ.

ಮೊದಲು ಪುಸ್ತಕ, ಆಮೇಲೆ ಕಂಪ್ಯೂಟರ್

ಕಂಪ್ಯೂಟರ್ ಕೂಡಿಸುತ್ತದೆ, ಕಳೆಯುತ್ತದೆ, ಚೀಟಿ ಮುದ್ರಿಸುತ್ತದೆ. ಯಾರು ಎಷ್ಟು ಹೊಲಿದರು ಎಂಬುದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ನಾವು ಬರೆದುಕೊಟ್ಟರೆ ಮಾತ್ರ ಗೊತ್ತು. ಆದ್ದರಿಂದ ಮೂರು ಪುಸ್ತಕಗಳು ಮೊದಲು ಸರಿಯಿರಬೇಕು.

1. ಹಾಜರಿ ಪುಸ್ತಕ: ದಿನವೂ ಬರೆಯಬೇಕು. ವಾರಕ್ಕೊಮ್ಮೆ ನೆನಪಿನಿಂದ ತುಂಬಿಸಬಾರದು.
2. ಕೆಲಸದ ಪುಸ್ತಕ: ಯಾರು ಎಷ್ಟು ಅಂಗಿ ಹೊಲಿದರು, ಎಷ್ಟು ತಟ್ಟೆ ಒತ್ತಿದರು ಎಂದು ಅದೇ ದಿನ ಬರೆದು, ಅವರ ಸಹಿ ಹಾಕಿಸಿ.
3. ಮುಂಗಡದ ಪುಸ್ತಕ: ಕೊಟ್ಟದ್ದು, ಹಿಡಿದದ್ದು, ಉಳಿದದ್ದು.

ಇನ್ನೊಂದು ಮಾತು. ಘಟಕದ ಲಾಭ ಹಂಚಿಕೊಳ್ಳುವ ಸದಸ್ಯೆಯರ ಪಾಲು ಬೇರೆ, ಕೂಲಿಗೆ ಬರುವವರ ಸಂಬಳ ಬೇರೆ. ಸಂಘದ ಉಳಿತಾಯ ಮತ್ತು ಸಾಲದ ಲೆಕ್ಕ ಇವೆರಡಕ್ಕಿಂತಲೂ ಬೇರೆ. ಮೂರನ್ನೂ ಬೆರೆಸಿದರೆ ಯಾವ ಸಾಫ್ಟ್‌ವೇರೂ ಬಿಡಿಸಿಕೊಡಲಾರದು.

ನಮ್ಮ ಸಂಬಳ ಯಾವ ಬಗೆಯದು?

ಮಾರುಕಟ್ಟೆಯಲ್ಲಿರುವ ಹೆಚ್ಚಿನ ಸಂಬಳದ ಸಾಫ್ಟ್‌ವೇರುಗಳನ್ನು ತಿಂಗಳ ಸಂಬಳದ ಕಚೇರಿಗಳಿಗಾಗಿ ಮಾಡಿದ್ದಾರೆ. ನಮ್ಮ ಘಟಕಗಳಲ್ಲಿ ಹಾಗಲ್ಲ. ಕೆಲವರಿಗೆ ದಿನಗೂಲಿ, ಕೆಲವರಿಗೆ ತುಂಡಿನ ಲೆಕ್ಕ, ಕೆಲವರಿಗೆ ಎರಡೂ ಸೇರಿ. ಮೊದಲು ನೋಡಬೇಕಾದದ್ದು ಇದನ್ನೇ.

ಒಂದು ಲೆಕ್ಕ ಮಾಡೋಣ. ದರಗಳು ಉದಾಹರಣೆಗೆ ಮಾತ್ರ. ಹನ್ನೆರಡು ಜನ ಕೂಲಿಗೆ ಬರುವ ಒಂದು ಹೊಲಿಗೆ ಘಟಕ. ಅಲ್ಲಿ ಒಬ್ಬ ಅಕ್ಕ ತಿಂಗಳಲ್ಲಿ 310 ಅಂಗಿ ಹೊಲಿದಿದ್ದಾರೆ. ಅಂಗಿಗೆ ರೂ. 40ರಂತೆ ರೂ. 12,400. ಎರಡು ದಿನ ಪ್ಯಾಕಿಂಗ್ ಮಾಡಿದ್ದಾರೆ, ದಿನಕ್ಕೆ ರೂ. 450ರಂತೆ ರೂ. 900. ಒಟ್ಟು ರೂ. 13,300. ಇದರಲ್ಲಿ ಇಎಸ್‌ಐಗೆ ಶೇ. 0.75 ಎಂದರೆ ರೂ. 99.75, ಅದು ಮುಂದಿನ ರೂಪಾಯಿಗೆ ಏರಿ ರೂ. 100. ಮುಂಗಡದ ಕಂತು ರೂ. 1,000. ಕೈಗೆ ಸಿಗುವುದು ರೂ. 12,200. ಘಟಕವು ತನ್ನ ಕಡೆಯಿಂದ ಶೇ. 3.25ರಂತೆ ರೂ. 433 ಇಎಸ್‌ಐಗೆ ಕಟ್ಟಬೇಕು.

ಸಾಫ್ಟ್‌ವೇರ್ ತೋರಿಸಲು ಬಂದವರಿಗೆ ಇದೇ ಲೆಕ್ಕವನ್ನು ಕೊಟ್ಟು, "ಇದನ್ನು ನಮ್ಮೆದುರೇ ಮಾಡಿ ತೋರಿಸಿ" ಎನ್ನಿ. ತುಂಡಿನ ಲೆಕ್ಕವೂ ದಿನಗೂಲಿಯೂ ಒಂದೇ ಚೀಟಿಯಲ್ಲಿ ಬಂದರೆ ಮುಂದಿನ ಮಾತು. ಬಾರದಿದ್ದರೆ ಎಷ್ಟೇ ಚೆಂದ ಕಂಡರೂ ನಮಗೆ ಬೇಡ.

ಕಾನೂನು ಎಲ್ಲಿಂದ ಶುರುವಾಗುತ್ತದೆ?

ಎಷ್ಟು ದೊಡ್ಡ ಸಾಫ್ಟ್‌ವೇರ್ ಬೇಕು ಎಂಬುದು ಕೆಲಸಗಾರರ ಸಂಖ್ಯೆಯ ಮೇಲೆ ನಿಂತಿದೆ.

ಹತ್ತು ಅಥವಾ ಹೆಚ್ಚು ಜನರಿದ್ದರೆ ಇಎಸ್‌ಐ ಬರುತ್ತದೆ. ತಿಂಗಳಿಗೆ ರೂ. 21,000ದವರೆಗಿನ ಸಂಬಳದವರು ಇದರೊಳಗೆ ಬರುತ್ತಾರೆ ಎಂದು 2017ರಲ್ಲಿ ಮಿತಿ ನಿಗದಿಯಾಯಿತು. ಇಪ್ಪತ್ತು ಅಥವಾ ಹೆಚ್ಚು ಜನರಿದ್ದರೆ ಭವಿಷ್ಯನಿಧಿ, ಅಂದರೆ ಪಿಎಫ್ ಸಹ ಬರುತ್ತದೆ. ಸಾಮಾನ್ಯವಾಗಿ ಕೆಲಸಗಾರರಿಂದ ಶೇ. 12, ಘಟಕದಿಂದ ಶೇ. 12. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು.

ಆರೇಳು ಜನರ ಘಟಕಕ್ಕೆ ಇವೆರಡರ ಭಾರ ಇಲ್ಲ. ಆದರೆ ಬೇರೆ ಹೊಣೆಗಳಿವೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಸಂಬಳದ ಚೀಟಿ ಕೊಡಬೇಕು. ತುಂಡಿನ ಲೆಕ್ಕವಾದರೂ ಕನಿಷ್ಠ ಕೂಲಿಗಿಂತ ಕಡಿಮೆಯಾಗಬಾರದು. ಮುಂಗಡವೂ ಸೇರಿ ಎಲ್ಲ ಕಡಿತ ಸಂಬಳದ ಅರ್ಧವನ್ನು ಮೀರಬಾರದು. ನಾವು ಆರಿಸುವ ಸಾಫ್ಟ್‌ವೇರ್ ಕಡಿಮೆಯೆಂದರೆ ಚೀಟಿಯನ್ನು ಸರಿಯಾಗಿ ಕೊಡಬೇಕು.

ಇಲ್ಲಿ ಒಂದು ಸಮಾಧಾನದ ವಿಷಯವಿದೆ. ಪಿಎಫ್ ಮತ್ತು ಇಎಸ್‌ಐ ಇಲಾಖೆಗಳ ಜಾಲತಾಣದಲ್ಲಿ ಲೆಕ್ಕ ಸಲ್ಲಿಸಲು ಶುಲ್ಕವಿಲ್ಲ. ಸಾಫ್ಟ್‌ವೇರ್ ಇಲ್ಲದಿದ್ದರೆ ಕಟ್ಟಲಿಕ್ಕೇ ಆಗುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಸಾಫ್ಟ್‌ವೇರ್ ನಮ್ಮ ಬರೆಯುವ ಕೆಲಸವನ್ನು ಕಡಿಮೆ ಮಾಡುತ್ತದೆ, ಅಷ್ಟೆ.

ನಮ್ಮ ಮುಂದೆ ಇರುವ ದಾರಿಗಳು

ಒಂದು, ಲೆಕ್ಕದ ಹಾಳೆ. ಲಿಬ್ರೆ ಆಫೀಸ್ ಎಂಬುದು ಪೂರ್ತಿ ಉಚಿತ. ಅದರಲ್ಲಿರುವ ಕ್ಯಾಲ್ಕ್ ಎಕ್ಸೆಲ್‌ನಂತೆಯೇ ಕೆಲಸ ಮಾಡುತ್ತದೆ, ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಮೊಬೈಲಿನಲ್ಲಿ ಮಾಡುವವರಿಗೆ ಗೂಗಲ್ ಶೀಟ್ಸ್ ಇದೆ. ಹೆಸರು, ತುಂಡು, ದರ, ದಿನ, ಒಟ್ಟು, ಇಎಸ್‌ಐ, ಮುಂಗಡ, ಕೈಗೆ ಸಿಗುವುದು ಎಂದು ಎಂಟು ಕಂಬ ಹಾಕಿದರೆ ಸಾಕು. ಹತ್ತಕ್ಕಿಂತ ಕಡಿಮೆ ಜನರಿರುವ ಘಟಕಕ್ಕೆ ಹೆಚ್ಚಾಗಿ ಇದೇ ಸಾಕಾಗುತ್ತದೆ. ಕೊರತೆ ಏನೆಂದರೆ, ಒಂದು ಮನೆಯಲ್ಲಿ ತಪ್ಪು ಒತ್ತಿದರೆ ಲೆಕ್ಕ ಕೆಡುತ್ತದೆ, ಯಾರೂ ಎಚ್ಚರಿಸುವುದಿಲ್ಲ.

ಎರಡು, ಕಂಪನಿಗಳ ಉಚಿತ ಯೋಜನೆ. ಜೋಹೊ ಪೇರೋಲ್, ಗ್ರೇಟ್‌ಎಚ್‌ಆರ್ ಮುಂತಾದ ನಮ್ಮ ದೇಶದ ಕಂಪನಿಗಳ ಸಾಫ್ಟ್‌ವೇರುಗಳು ಇಂಟರ್‌ನೆಟ್‌ನಲ್ಲಿ ನಡೆಯುತ್ತವೆ. ಇಂಥ ಕಂಪನಿಗಳು ಸಣ್ಣ ಘಟಕಗಳಿಗೆ ಉಚಿತ ಯೋಜನೆ ಇಟ್ಟಿರುವುದುಂಟು. ಆದರೆ ಎಷ್ಟು ಜನರವರೆಗೆ ಉಚಿತ, ಏನೇನು ಸಿಗುತ್ತದೆ ಎಂಬುದು ಆಗಾಗ ಬದಲಾಗುತ್ತದೆ. ಸೇರುವ ದಿನ ನೀವೇ ಓದಿ, ಆ ಪುಟವನ್ನು ಮುದ್ರಿಸಿ ಕಡತದಲ್ಲಿಡಿ.

ಮೂರು, ಮುಕ್ತ ತಂತ್ರಾಂಶ. ಫ್ರಾಪೆ ಎಚ್‌ಆರ್ ಇಂಥದ್ದು. ತಂತ್ರಾಂಶಕ್ಕೆ ದುಡ್ಡಿಲ್ಲ. ಆದರೆ ಅದನ್ನು ಹಾಕಿಕೊಟ್ಟು, ಕೆಟ್ಟಾಗ ಸರಿಮಾಡುವ ತಿಳಿದವರು ಬೇಕು. ಒಂದು ಸಂಘಕ್ಕೆ ಇದು ಭಾರ. ಹತ್ತಾರು ಘಟಕಗಳಿರುವ ಒಕ್ಕೂಟ ಸೇರಿ ಮಾಡಿದರೆ ಆಗಬಹುದು.

ನಾಲ್ಕು, ಟ್ಯಾಲಿ. ಇದು ಉಚಿತವಲ್ಲ. ಆದರೆ ಘಟಕದ ಲೆಕ್ಕಪತ್ರ ಈಗಾಗಲೇ ಟ್ಯಾಲಿಯಲ್ಲಿದ್ದರೆ ಸಂಬಳದ ವಿಭಾಗ ಅದರಲ್ಲೇ ಇದೆ. ಹೊಸತು ಕೊಳ್ಳುವ ಮೊದಲು ನಿಮ್ಮ ಲೆಕ್ಕಿಗರನ್ನು ಕೇಳಿ.

ಒಂದು ಎಚ್ಚರಿಕೆ. ಅಂಗಡಿಯವರು ಕದ್ದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ "ಫ್ರೀ" ಎಂದು ಹಾಕಿಕೊಟ್ಟರೆ ತೆಗೆದುಕೊಳ್ಳಬೇಡಿ. ಅದು ಕಾನೂನಿಗೆ ವಿರುದ್ಧ, ವೈರಸ್ಸಿನ ಭಯವೂ ಇದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತಿ ಯಾವ ಆ್ಯಪನ್ನೂ ಹಾಕಿಕೊಳ್ಳಬೇಡಿ. ಸಂಬಳದ ಲೆಕ್ಕದಲ್ಲಿ ನಮ್ಮೆಲ್ಲರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ ಇರುತ್ತದೆ.

ಕೇಳಲೇಬೇಕಾದ ಐದು ಪ್ರಶ್ನೆಗಳು

1. ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ? "ತಲೆಗೆ ತಿಂಗಳಿಗೆ ಬರೀ ಐವತ್ತು ರೂಪಾಯಿ" ಎನ್ನುತ್ತಾರೆ. ಹನ್ನೆರಡು ಜನರಿಗೆ ಹನ್ನೆರಡು ತಿಂಗಳಿಗೆ ರೂ. 7,200. ಶೇ. 18 ಜಿಎಸ್‌ಟಿ ರೂ. 1,296 ಸೇರಿದರೆ ರೂ. 8,496. ಘಟಕದ ಲಾಭದಲ್ಲಿ ಇದು ಎಷ್ಟು ಪಾಲು ಎಂದು ಸಭೆಯಲ್ಲಿ ಕೂಡಿ ನೋಡಿ.

2. ಸರ್ಕಾರ ದರ ಬದಲಿಸಿದರೆ ಯಾರು ಸರಿಮಾಡುತ್ತಾರೆ? 2019ರ ಜುಲೈ 1ರಂದು ಇಎಸ್‌ಐಯಲ್ಲಿ ಕೆಲಸಗಾರರ ಪಾಲು ಶೇ. 1.75ರಿಂದ 0.75ಕ್ಕೆ, ಮಾಲೀಕರ ಪಾಲು ಶೇ. 4.75ರಿಂದ 3.25ಕ್ಕೆ ಇಳಿಯಿತು. ಹಳೆಯ ದರದಲ್ಲೇ ಕೂತ ಸಾಫ್ಟ್‌ವೇರ್ ನಮ್ಮ ಅಕ್ಕತಂಗಿಯರ ಸಂಬಳದಿಂದ ಹೆಚ್ಚು ಹಿಡಿಯುತ್ತಲೇ ಇರುತ್ತಿತ್ತು.

3. ನಮ್ಮ ಲೆಕ್ಕವನ್ನು ನಾವು ಹೊರಗೆ ತೆಗೆಯಬಹುದೇ? ನಾಳೆ ಆ ಸಾಫ್ಟ್‌ವೇರ್ ಬಿಟ್ಟರೆ ಹಳೆಯ ತಿಂಗಳುಗಳ ಪಟ್ಟಿ ಎಕ್ಸೆಲ್ ರೂಪದಲ್ಲಿ ನಮಗೆ ಸಿಗಬೇಕು. ಇಲ್ಲವೆಂದರೆ ಬೇಡ.

4. ಪಾಸ್‌ವರ್ಡ್ ಯಾರ ಕೈಯಲ್ಲಿ? ಕಾರ್ಯದರ್ಶಿಯ ಮಗಳು ತನ್ನ ಇಮೇಲಿನಲ್ಲಿ ಖಾತೆ ತೆರೆದು, ಮದುವೆಯಾಗಿ ದೂರದ ಊರಿಗೆ ಹೋದರೆ ಲೆಕ್ಕವೂ ಅವಳ ಜೊತೆಗೇ ಹೋಗುತ್ತದೆ. ಘಟಕದ ಹೆಸರಿನಲ್ಲೇ ಇಮೇಲ್ ಮಾಡಿ. ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳಿಗೆ ಗೊತ್ತಿರಲಿ. ಪದಾಧಿಕಾರಿಗಳು ಬದಲಾದಾಗ ಪಾಸ್‌ವರ್ಡೂ ಬದಲಾಗಲಿ.

5. ತೊಂದರೆಯಾದರೆ ಕನ್ನಡದಲ್ಲಿ ಕೇಳಲು ಯಾರಿದ್ದಾರೆ? ತಿಂಗಳ ಆರನೇ ತಾರೀಖು ಲೆಕ್ಕ ನಿಂತರೆ ಇಂಗ್ಲಿಷಿನಲ್ಲಿ ಇಮೇಲ್ ಬರೆದು ಕಾಯುತ್ತಾ ಕೂರಲಾಗುವುದಿಲ್ಲ.

ಎರಡು ತಿಂಗಳು ಜೊತೆಜೊತೆಗೆ

ಆರಿಸಿದ ಮೇಲೆ ಕೂಡಲೇ ಪುಸ್ತಕ ಮುಚ್ಚಬೇಡಿ. ಎರಡು ತಿಂಗಳು ಕೈಲೆಕ್ಕವನ್ನೂ ಕಂಪ್ಯೂಟರ್ ಲೆಕ್ಕವನ್ನೂ ಜೊತೆಯಲ್ಲೇ ಮಾಡಿ. ಎರಡೂ ಒಂದೇ ಬರಬೇಕು. ಬಾರದಿದ್ದರೆ ಯಾವುದು ತಪ್ಪೆಂದು ಹುಡುಕಿ. ಎಷ್ಟೋ ಸಲ ಹಳೆಯ ಕೈಲೆಕ್ಕದ ತಪ್ಪೇ ಹೊರಬೀಳಬಹುದು. ಆಗ ನಾಚಿಕೆ ಬೇಡ. ಯಾರಿಗೆ ಕಡಿಮೆ ಬಿದ್ದಿದೆಯೋ ಅವರಿಗೆ ಕೊಟ್ಟು, ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಪ್ರತಿ ತಿಂಗಳ ಸಂಬಳ ಪಟ್ಟಿಯನ್ನು ಮುದ್ರಿಸಿ, ಸಹಿ ಹಾಕಿಸಿ ಕಡತದಲ್ಲಿಡಿ. ಕಂಪ್ಯೂಟರ್ ಕೆಟ್ಟರೂ ಕಾಗದ ಇರುತ್ತದೆ.

ಸಂಬಳದ ಚೀಟಿ ಒಂದು ಸಣ್ಣ ಕಾಗದ. ಆದರೆ ತಾನು ಎಷ್ಟು ದುಡಿದೆ, ಎಷ್ಟು ಹಿಡಿದರು, ಯಾಕೆ ಹಿಡಿದರು ಎಂದು ಓದಿ ಕೇಳುವ ಧೈರ್ಯವನ್ನು ಅದು ಕೊಡುತ್ತದೆ. ಓದಲು ಬಾರದ ಸಹೋದರಿಗೆ ಪಕ್ಕದಲ್ಲಿ ಕೂತು ಓದಿಹೇಳಿ. ಆಕೆ "ಹೌದು, ಸರಿ ಉಂಟು" ಎಂದ ಮೇಲೆಯೇ ಸಹಿ ಹಾಕಿಸಿ.

ಮುಂದಿನ ಸಭೆಯಲ್ಲಿ ಈ ಮೂರನ್ನು ಚರ್ಚಿಸಿ: ನಮ್ಮ ಘಟಕದಲ್ಲಿ ಕೂಲಿಗೆ ಬರುವವರು ಎಷ್ಟು ಮಂದಿ? ಮೂರು ಪುಸ್ತಕಗಳೂ ಈ ದಿನದವರೆಗೆ ಬರೆದಿವೆಯೇ? ಹೋದ ತಿಂಗಳು ಪ್ರತಿಯೊಬ್ಬರಿಗೂ ಚೀಟಿ ಸಿಕ್ಕಿದೆಯೇ? ಉತ್ತರ ಬರೆದಿಡಿ. ಸಾಫ್ಟ್‌ವೇರ್ ಆರಿಸುವ ಕೆಲಸ ಅಲ್ಲಿಂದ ಶುರುವಾಗಲಿ.