ಟ್ಯಾಬ್ಲೆಟಿಗೆ ಕೀಲಿಮಣೆಯ ಕವಚ ಕೊಳ್ಳುವವರಿಗೆ

ನಮ್ಮ ವಾಚನಾಲಯದ ಮೇಜಿನ ಬಳಿ ಇತ್ತೀಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಮಕ್ಕಳ ಓದಿಗೆಂದು ಕೊಂಡ ಟ್ಯಾಬ್ಲೆಟು ಮನೆಯಲ್ಲಿದೆ; ಅದಕ್ಕೆ ಕೀಲಿಮಣೆ ಕೂಡಿಸಿದ ಕವಚವೊಂದನ್ನು ತಂದರೆ ಕನ್ನಡದಲ್ಲಿ ಪತ್ರ, ಲೇಖನ ಬರೆಯಲು ಬಂದೀತೆ? ತರುವದಾದರೆ ಯಾವುದನ್ನು ತರಬೇಕು? ಕೇಳಿದವರಿಗೆಲ್ಲ ಬಾಯಿಂದ ಹೇಳಿ ಹೇಳಿ ಸಾಕಾಗಿ, ಒಮ್ಮೆ ಬರೆದೇಬಿಡೋಣವೆಂದು ಕೈಹಾಕಿದ್ದೇನೆ. ನಾನು ಯಂತ್ರಶಾಸ್ತ್ರ ಬಲ್ಲವನಲ್ಲ. ಗಿರಣಿಯ ಕಚೇರಿಯಲ್ಲಿ ಹಾಜರಿಪಟ್ಟಿ, ಪಗಾರಪಟ್ಟಿ ಬರೆಯುವ ಕಾರಕೂನ. ಆದರೆ ಈ ವ್ಯವಹಾರದಲ್ಲಿ ಒಮ್ಮೆ ಮುಗ್ಗರಿಸಿದ್ದೇನೆ, ಎಲ್ಲಿ ಮುಗ್ಗರಿಸಿದೆನೆಂಬುದನ್ನೂ ಬೆನ್ನು ಹತ್ತಿ ತಿಳಿದುಕೊಂಡಿದ್ದೇನೆ.

ನಮ್ಮ ಸಂಘದ ಹಿರಿಯ ಸಭಾಸದರೊಬ್ಬರು ಇಂಡಿ ತಾಲೂಕಿನ ಕಡೆಯವರು. ಭೋಸರಿಯ ಎಂ.ಐ.ಡಿ.ಸಿ.ಯಲ್ಲಿ ಲೇಥಿನ ಮೇಲೆ ಬಹಳ ವರ್ಷ ದುಡಿದು ನಿವೃತ್ತರಾದವರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಊರು ಬಿಟ್ಟು ಇಲ್ಲಿಗೆ ಬಂದ ವೃತ್ತಾಂತವನ್ನು ಈ ಪತ್ರಿಕೆಗೆ ಬರೆಯಬೇಕೆಂಬುದು ಅವರ ಬಹುದಿನದ ಹಂಬಲ. ಕೈ ನಡುಗುವದರಿಂದ ಲೇಖನಿ ಹಿಡಿಯುವಂತಿಲ್ಲ. ಹೀಗಾಗಿ ರವಿವಾರ ಸಂಜೆ ಅವರು ಹೇಳುವದು, ನಾನು ಬರೆದುಕೊಳ್ಳುವದು ಎಂದು ಗೊತ್ತಾಯಿತು. ನಾಲ್ಕು ವಾರ ಬರೆದು ಓದಿ ತೋರಿಸಿದೆ. ಕಾಕಾ ಸುಮ್ಮನೆ ಕೇಳಿ, "ಛಲೋ ಬರದೀ ತಮ್ಮಾ, ಖರೆ ಇದು ನನ್ನ ಮಾತಲ್ಲ, ನಿನ್ನ ಆಫೀಸಿನ ಕಾಗದ" ಎಂದರು. ನನಗೆ ಮೊದಲು ಸ್ವಲ್ಪ ನೊಂದಿತು. ಆಮೇಲೆ ಓದಿ ನೋಡಿದರೆ ಅವರ ಮಾತೇ ನಿಜ. ಅವರು "ಹೊಟ್ಟಿ ಕಟ್ಟಿಕೊಂಡು ಬಂದ್ವಿ" ಎಂದದ್ದನ್ನು ನಾನು "ಆರ್ಥಿಕ ಅಡಚಣೆಯಿಂದ ಸ್ಥಳಾಂತರಗೊಂಡೆವು" ಎಂದು ಬರೆದಿಟ್ಟಿದ್ದೆ!

ಆದಕಾರಣ ಅವರೇ ಬರೆಯುವ ಹಾದಿ ಹುಡುಕಬೇಕಾಯಿತು. ವಾಚನಾಲಯದಲ್ಲಿ ದೇಣಿಗೆಯಾಗಿ ಬಂದ ಹತ್ತು ಇಂಚಿನ ಟ್ಯಾಬ್ಲೆಟು ಇತ್ತು. ಅದರ ಗಾಜಿನ ಮೇಲೆ ಒತ್ತಿ ಬರೆಯಲು ಕಾಕಾ ಯತ್ನಿಸಿದರು. ಹತ್ತು ಸಲ ಒತ್ತಿದರೆ ಆರು ಸಲ ಅಕ್ಷರ ಬೀಳದು. ಈ ಗಾಜು ಒತ್ತಡವನ್ನು ಅರಿಯುವದಿಲ್ಲ, ಬೆರಳಿನ ಚರ್ಮ ತಾಗಿದಾಗ ಆಗುವ ಸೂಕ್ಷ್ಮ ವಿದ್ಯುತ್ತಿನ ಬದಲಾವಣೆಯನ್ನು ಅರಿಯುವದು. ಒಣಗಿ ಜಡ್ಡುಗಟ್ಟಿದ ಬೆರಳು ಅದಕ್ಕೆ ಸರಿಯಾಗಿ ತಿಳಿಯದು. ಲೇಥಿನ ಮೇಲೆ ದುಡಿದ ಬೆರಳು ಹೂವಿನ ಬೆರಳಾಗಿ ಉಳಿದೀತು ಹೇಗೆ? ಆದರೆ ಕೀಲಿಯನ್ನು ಒತ್ತಲು ಅಂಥ ಬೆರಳಿಗೆ ಯಾವ ಅಡ್ಡಿಯೂ ಇಲ್ಲ. ಕೀಲಿಮಣೆಯ ಕವಚ ತರುವದೆಂದು ಹೀಗೆ ನಿಶ್ಚಯವಾಯಿತು.

ಕಾಕಾ ಅವರ ಮೊಮ್ಮಗಳು ಹೈಸ್ಕೂಲಿನಲ್ಲಿ ಓದುತ್ತಾಳೆ. ಕನ್ನಡ ಮಾತು ಬರುವದು, ಓದಲು ಬಾರದು. ಆಕೆ ಇನ್‌ಸ್ಕ್ರಿಪ್ಟ್ ಎಂಬ ಜೋಡಣೆಯಲ್ಲಿ ಮರಾಠಿ ಟೈಪಿಂಗ್ ಕಲಿತಿದ್ದಳು. ನಾವು ಮೂವರೂ ಅಂಗಡಿಗೆ ಹೋದೆವು. ಆಕೆ ಒಂದು ಕವಚಕ್ಕೆ ಟ್ಯಾಬ್ಲೆಟನ್ನು ಕೂಡಿಸಿ ಮರಾಠಿಯಲ್ಲಿ ಅರ್ಧ ಪುಟ ಚಕಚಕನೆ ಹೊಡೆದು, "ಎಲ್ಲಾ ಬರ್ತಾವ ಕಾಕಾ, ತಗೋರಿ" ಎಂದು ನನಗೆ ಹೇಳಿದಳು. ಕೀಲಿಗಳು ದೊಡ್ಡವು, ಮೆತ್ತಗೆ ಇಳಿಯುವಂಥವು. ನಿಧಿಯಿಂದ ಹಣ ಕೊಟ್ಟು ತಂದೆವು.

ಮರುದಿನ ಕಾಕಾ ಕುಳಿತು ಬರೆಯತೊಡಗಿದರು. ಸಂಜೆ ನಾನು ಹೋದಾಗ ತೆರೆಯ ಮೇಲೆ ಇದ್ದ ಸಾಲು: "ನಮಗ ಎಂಟು ಎಕರೆ ಹಲ ಇತ್ತು." ಕೆಳಗೆ "ಕೊಟ್ಟ" ಎಂಬಲ್ಲಿ "ಕಟ್ಟ", "ಹೊರಟ್ವಿ" ಎಂಬಲ್ಲಿ "ಹರಟ್ವಿ". ಕಾಕಾ ಕನ್ನಡಕ ತೆಗೆದು ನನ್ನನ್ನು ನೋಡಿ, "ಅಲ್ಲೋ ತಮ್ಮಾ, ನಮ್ಮ ಹೊಲ ಮೊದಲ ಸಾವಕಾರ ತಗೊಂಡ. ಈಗ ನಿನ್ನ ಯಂತ್ರನೂ ತಗೊಂತಲ್ಲ!" ಎಂದರು.

ಒತ್ವ ಎಲ್ಲಿ ಹೋಯಿತು? ಇದನ್ನು ತಿಳಿಯಬೇಕಾದರೆ ಕೀಲಿಮಣೆ ಹೇಗೆ ಕೆಲಸ ಮಾಡುವದೆಂಬುದನ್ನು ಸ್ವಲ್ಪ ಅರಿಯಬೇಕು.

ಕೀಲಿಮಣೆಯೊಳಗೆ ಅಕ್ಷರಗಳೇ ಇಲ್ಲ. ಇಂಗ್ಲಿಷಿನ ಕೆ ಎಂದು ಬರೆದಿರುವ ಕೀಲಿಯನ್ನು ಒತ್ತಿದಾಗ ಅದು ಟ್ಯಾಬ್ಲೆಟಿಗೆ ಕಳಿಸುವದು "14ನೆಯ ಕೀಲಿ ಒತ್ತಿದರು" ಎಂಬ ಒಂದು ಅಂಕೆಯನ್ನು ಮಾತ್ರ. ಆ ಅಂಕೆಗೆ ಕೆ ಎಂದೋ, ಕ ಎಂದೋ ಅರ್ಥ ಹಚ್ಚುವದು ಟ್ಯಾಬ್ಲೆಟಿನೊಳಗಿನ ತಂತ್ರಾಂಶ. ಕೀಲಿಯ ಮೇಲಿನ ಮುದ್ರೆ ಕೇವಲ ಬಣ್ಣ. ಆದ್ದರಿಂದ "ಕನ್ನಡ ಕೀಲಿಮಣೆಯೇ ಬೇಕು" ಎಂದು ಅಂಗಡಿ ಅಂಗಡಿ ತಿರುಗುವ ಕಾರಣವಿಲ್ಲ. ಕನ್ನಡದ ಅಕ್ಷರಗಳನ್ನು ಚಿಕ್ಕ ಚೀಟಿಗಳಲ್ಲಿ ಬರೆದು ಅಂಟಿಸಿದರೆ ಸಾಕು. ಕಾಕಾ ಅವರ ಕೀಲಿಗಳಿಗೆ ಚೀಟಿ ಬರೆದು ಅಂಟಿಸಿದವಳು ಕನ್ನಡ ಓದಲಾರದ ಆ ಮೊಮ್ಮಗಳೇ. ಅಜ್ಜ ಪಕ್ಕದಲ್ಲಿ ಕುಳಿತು ತಿದ್ದಿದರು. ಅಷ್ಟರಮಟ್ಟಿಗೆ ಆಕೆಗೆ ವರ್ಣಮಾಲೆಯ ಪಾಠವೂ ಆಯಿತು.

ಇನ್ನು ಅರ್ಥ ಹಚ್ಚುವ ಜೋಡಣೆಗಳ ವಿಷಯ. ಕನ್ನಡಕ್ಕೆ ಮುಖ್ಯವಾಗಿ ಎರಡುಂಟು. ಒಂದು ಈಗ ಹೇಳಿದ ಇನ್‌ಸ್ಕ್ರಿಪ್ಟ್. ಇದು ಭಾರತದ ಲಿಪಿಗಳಿಗೆಲ್ಲ ಒಂದೇ. ಹಿಂದಿ, ಮರಾಠಿಯ ಕ ಇರುವ ಕೀಲಿಯಲ್ಲಿಯೇ ಕನ್ನಡದ ಕ ಇರುವದು. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. 1991ರ ಭಾರತೀಯ ಮಾನಕ ಐ.ಎಸ್. 13194ರಲ್ಲಿ ಇದು ಸೇರಿದೆ. ಇದನ್ನು ದೇಶದಲ್ಲೆಲ್ಲ ಹಬ್ಬಿಸುವಲ್ಲಿ ನಮ್ಮ ಪುಣೆಯಲ್ಲಿಯೇ 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯ ಪಾತ್ರ ದೊಡ್ಡದು. ಮರಾಠಿ ನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಇದರಿಂದ ಎಂಥ ಲಾಭ ನೋಡಿರಿ: ಮರಾಠಿಗೆ ಕಲಿತ ಬೆರಳೇ ಕನ್ನಡಕ್ಕೂ ಆಗುವದು.

ಎರಡನೆಯದು ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿದ ಜೋಡಣೆ. ಕರ್ನಾಟಕ ಸರಕಾರ ಒಪ್ಪಿದ್ದು ಇದನ್ನೇ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದಲ್ಲಿರುವದೂ ಇದೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ರಾಯರಿಗೆ ನಾಡೋಜ ಪದವಿ ಕೊಟ್ಟು ಗೌರವಿಸಿತು. ಈ ಜೋಡಣೆಯ ಜಾಣತನವೆಂದರೆ, ಕನ್ನಡದ ಅಕ್ಷರಗಳೆಲ್ಲ ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಅಡಗಿವೆ. ಇಂಗ್ಲಿಷಿನ ಕೆ ಒತ್ತಿದರೆ ಕ, ಎನ್ ಒತ್ತಿದರೆ ನ. ಮಹಾಪ್ರಾಣಗಳಿಗೆ, ಣ, ಳ ಮೊದಲಾದವುಗಳಿಗೆ ಶಿಫ್ಟ್ ಹಿಡಿಯಬೇಕು. ಇಂಗ್ಲಿಷ್ ಟೈಪಿಂಗ್ ಬಲ್ಲವರಿಗೆ ಒಂದು ವಾರದಲ್ಲಿ ಕೈಗೆ ಹತ್ತುವದು. ನಾನು ಬಳಸುವದು ಇದನ್ನೇ. ಕಾಕಾ ಅವರಿಗೆ ಇಂಗ್ಲಿಷ್ ಅಕ್ಷರಗಳ ಗೊಡವೆ ಬೇಡ. ಅವರಿಗೆ ಇನ್‌ಸ್ಕ್ರಿಪ್ಟೇ ಲೇಸು.

ಈಗ ಕಳೆದುಹೋದ ಒತ್ವಕ್ಕೆ ಬರೋಣ. ಇನ್‌ಸ್ಕ್ರಿಪ್ಟಿನಲ್ಲಿ ಒತ್ವದ ಕೀಲಿ ಎಡಗಡೆಯ ಮೇಲ್ತುದಿಯ ಮೂಲೆಯಲ್ಲಿ, ಒಂದರ ಅಂಕೆಯ ಪಕ್ಕದಲ್ಲಿ ಇರುವದು. ನಾವು ತಂದ ಕವಚದಲ್ಲಿ ಆ ಮೂಲೆಯಲ್ಲಿ ಎಸ್ಕೇಪ್ ಎಂಬ ಬೇರೆ ಕೀಲಿ ಕುಳಿತಿತ್ತು. ಒತ್ವ ಬೇಕಾದರೆ ಕೆಳಗೆ ಎಫ್.ಎನ್. ಎಂಬ ಕೀಲಿಯನ್ನು ಹಿಡಿದು ಮೇಲೆ ಅದನ್ನು ಒತ್ತಬೇಕು. ಈ ಎಫ್.ಎನ್. ಕೀಲಿಯ ವ್ಯವಹಾರ ಸಾಮಾನ್ಯವಾಗಿ ಕೀಲಿಮಣೆಯೊಳಗೇ ಮುಗಿಯುವದರಿಂದ, ಟ್ಯಾಬ್ಲೆಟಿನಲ್ಲಿ ಏನು ಬದಲಿಸಿದರೂ ಅದು ದಾರಿಗೆ ಬಾರದು. ನಡುಗುವ ಕೈಗೆ ಎರಡು ಕೀಲಿಗಳನ್ನು ಒಟ್ಟಿಗೆ ಹಿಡಿಯುವದು ಆಗದ ಮಾತು.

ಅಂಗಡಿಯಲ್ಲಿ ಇದು ನಮ್ಮ ಗಮನಕ್ಕೆ ಏಕೆ ಬರಲಿಲ್ಲ? ಮರಾಠಿಯಲ್ಲಿ ಹ್ರಸ್ವ ಒಕಾರಕ್ಕೆ ಬೇರೆ ಚಿಹ್ನೆಯೇ ಇಲ್ಲ! ಆ ಭಾಷೆಯಲ್ಲಿ ಅರ್ಧ ಪುಟವಲ್ಲ, ಇಡೀ ಪುಸ್ತಕ ಬರೆದರೂ ಆ ಮೂಲೆಯ ಕೀಲಿಯ ಗೊಡವೆ ಬೀಳದು. ಕನ್ನಡದಲ್ಲಿಯೋ, ಕೊಡು, ಹೊಲ, ಒಕ್ಕಲು, ಹೊಟ್ಟೆ, ದೊಡ್ಡವರು ಎಲ್ಲದಕ್ಕೂ ಹ್ರಸ್ವ ಒಕಾರ ಬೇಕು. ಹುಡುಗಿಯ ಪರೀಕ್ಷೆ ತಪ್ಪಲ್ಲ, ಭಾಷೆ ಬೇರೆ.

ತಯಾರಕರು ಮೂಲೆಯ ಕೀಲಿಗಳನ್ನು ಏಕೆ ಕತ್ತರಿಸುವರು ಎಂಬುದಕ್ಕೆ ಒಂದು ಸಣ್ಣ ಲೆಕ್ಕವುಂಟು. ಮೇಜಿನ ಮೇಲಿನ ಪೂರ್ಣ ಕೀಲಿಮಣೆಯಲ್ಲಿ ಒಂದು ಕೀಲಿಯ ನಡುವಿನಿಂದ ಮುಂದಿನದರ ನಡುವಿಗೆ 19 ಮಿ.ಮೀ. ಸಾಲೊಂದರಲ್ಲಿ 15 ಕೀಲಿಗಳಷ್ಟು ಅಗಲ. ಅಂದರೆ 285 ಮಿ.ಮೀ. ಹತ್ತು ಇಂಚಿನ ಟ್ಯಾಬ್ಲೆಟಿನ ಅಗಲ ಸುಮಾರು 250 ಮಿ.ಮೀ. ಮೂವತ್ತೈದು ಕಡಿಮೆ ಬಿದ್ದಿತಲ್ಲ! ಈ ಕೊರತೆಯನ್ನು ಎಲ್ಲ ಕೀಲಿಗಳಿಗೂ ಸಮನಾಗಿ ಹಂಚಿದರೆ ಪ್ರತಿಯೊಂದು 17 ಮಿ.ಮೀ.ಗಿಂತ ತುಸು ಕಿರಿದಾಗುವದು, ಆದರೆ ಎಲ್ಲವೂ ಉಳಿಯುವವು. ನಡುವಿನ ಅಕ್ಷರಗಳನ್ನು ಪೂರ್ತಿ 19ಕ್ಕೆ ಇಟ್ಟರೆ ಹತ್ತು ಕೀಲಿಗೆ 190 ಹೋಗಿ, ಅಂಚಿನವುಗಳಿಗೆ ಉಳಿಯುವದು 60 ಮಾತ್ರ. ಆಗ ಅವು ಚಿಪ್ಪಿನಂತೆ ಸಣ್ಣವಾಗುವವು, ಇಲ್ಲವೆ ಎಫ್.ಎನ್. ಕೆಳಗೆ ಹೋಗಿ ಅಡಗುವವು. ಇಂಗ್ಲಿಷ್ ಬರೆಯುವವನಿಗೆ ಇದರಿಂದ ನಷ್ಟವಿಲ್ಲ. ಇನ್‌ಸ್ಕ್ರಿಪ್ಟಿನಲ್ಲಿ ಆ ಅಂಚಿನಲ್ಲಿಯೇ ಚ, ಟ, ಡ, ಒತ್ವ, ವಟ್ರಸುಳಿ ಎಲ್ಲ ಇವೆ.

ಆದ್ದರಿಂದ ಜೋಡಣೆ ಯಾವುದೆಂದು ಮೊದಲು ಗೊತ್ತುಮಾಡಿರಿ, ಕವಚದ ಮಾತು ಆಮೇಲೆ. ರಾಯರ ಜೋಡಣೆ ಬಳಸುವವರು ದೊಡ್ಡ ಅಕ್ಷರಕೀಲಿಗಳ ಕವಚವನ್ನು ಧಾರಾಳವಾಗಿ ಕೊಳ್ಳಲಿ. ಅಂಚು ಹೋದರೂ ಚಿಂತೆಯಿಲ್ಲ. ಆದರೆ ಶಿಫ್ಟ್ ಕೀಲಿ ಎರಡೂ ಬದಿಗೆ ಸಾಕಷ್ಟು ಅಗಲವಾಗಿರಬೇಕು; ಕೆಲವು ಚಿಕ್ಕ ಮಣೆಗಳಲ್ಲಿ ಬಲಬದಿಯ ಶಿಫ್ಟಿನ ಜಾಗವನ್ನು ಬಾಣದ ಕೀಲಿ ನುಂಗಿರುವದು. ಇನ್‌ಸ್ಕ್ರಿಪ್ಟ್ ಬಳಸುವವರು ಕೀಲಿ ತುಸು ಕಿರಿದಾದರೂ ಎಲ್ಲ ಕೀಲಿಗಳೂ ತಮ್ಮ ತಮ್ಮ ಜಾಗದಲ್ಲಿರುವ ಕವಚವನ್ನೇ ಆರಿಸಬೇಕು. ಅಂಗಡಿಗೆ ಅಳತೆಪಟ್ಟಿ ಒಯ್ಯಿರಿ. ಇಂಗ್ಲಿಷಿನ ಕ್ಯೂ ಕೀಲಿಯ ನಡುವಿನಿಂದ ಪಿ ಕೀಲಿಯ ನಡುವಿಗೆ ಅಳೆದರೆ ಒಂಬತ್ತು ಅಂತರಗಳು: 17 ಸೆಂ.ಮೀ. ಬಂದರೆ ಪೂರ್ಣ ಅಳತೆ, 15 ಬಂದರೆ ಸಮನಾಗಿ ಕಿರಿದಾದದ್ದು. ಅದಕ್ಕೂ ಕಡಿಮೆಯಾದರೆ ದಪ್ಪ ಬೆರಳಿನವರು ಮುಟ್ಟಬಾರದು.

ಅಂಗಡಿಯವನು ಬೇಸರಪಟ್ಟರೂ ನಿಮ್ಮ ಟ್ಯಾಬ್ಲೆಟನ್ನೇ ಒಯ್ದು ಅಲ್ಲಿಯೇ ಜೋಡಿಸಿ ಬರೆದು ನೋಡಬೇಕು. ಕೆಲವು ಟ್ಯಾಬ್ಲೆಟುಗಳಲ್ಲಿ ಗಾಜಿನ ಮೇಲೆ ಕನ್ನಡ ಸೊಗಸಾಗಿ ಬರುವದು, ಹೊರಗಿನ ಕೀಲಿಮಣೆ ಕೂಡಿಸಿದೊಡನೆ ಇಂಗ್ಲಿಷ್ ಮಾತ್ರ ಬೀಳುವದು. ಗಾಜಿನ ಮೇಲಿನ ಜೋಡಣೆ ಬೇರೆ, ಹೊರಗಿನ ಕೀಲಿಗಳಿಗೆ ಅರ್ಥ ಹಚ್ಚುವ ಜೋಡಣೆ ಬೇರೆ; ಎರಡನೆಯದೂ ಆ ಟ್ಯಾಬ್ಲೆಟಿನಲ್ಲಿರಬೇಕು. ಬರೆದು ನೋಡಲು ನಾನು ಐದು ಶಬ್ದ ಗೊತ್ತುಮಾಡಿಕೊಂಡಿದ್ದೇನೆ: ಚೊಂಬು, ಟೊಪ್ಪಿಗೆ, ಡೊಳ್ಳು, ಕೃಷಿ, ಬೆಳೆ. ಇವು ಸರಿಯಾಗಿ ಬಿದ್ದರೆ ಇನ್‌ಸ್ಕ್ರಿಪ್ಟಿನ ಮೂಲೆಗಳನ್ನೆಲ್ಲ ಸುತ್ತಿ ಬಂದಂತೆ.

ಕವಚ ಹೊಂದುವ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. "ಹತ್ತು ಇಂಚಿನದು" ಎಂದು ಕೇಳಿ ತರಬೇಡಿರಿ. ಐಪ್ಯಾಡಿನ 7, 8, 9ನೆಯ ಪೀಳಿಗೆಗಳಿಗೆ ಒಂದೇ ಅಳತೆ, 10ನೆಯದಕ್ಕೆ ಬೇರೆ. ಬೆನ್ನ ಮೇಲೆ ಸಣ್ಣಕ್ಷರದಲ್ಲೋ, ಸೆಟಿಂಗ್ಸ್‌ನಲ್ಲೋ ಇರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಕೆಲವು ಟ್ಯಾಬ್ಲೆಟುಗಳ ಅಂಚಿನಲ್ಲಿ ಅಥವಾ ಬೆನ್ನಲ್ಲಿ ಲೋಹದ ಚುಕ್ಕೆಗಳಿರುವವು. ಅವುಗಳಿಗೆ ತಾಗುವ ಕೀಲಿಮಣೆಗೆ ಬೇರೆ ಚಾರ್ಜು ಬೇಡ, ಬೆಲೆ ಮಾತ್ರ ಹೆಚ್ಚು. ಉಳಿದವು ಬ್ಲೂಟೂತಿನವು, ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜು ಮಾಡಿಡಬೇಕು. ಕೀಲಿಮಣೆ ಕವಚದಿಂದ ಬಿಡಿಸಿ ತೆಗೆಯಲು ಬರುವಂತಿದ್ದರೆ ಹಿರಿಯರಿಗೆ ಒಳ್ಳೆಯದು. ತೆರೆಯನ್ನು ಕಣ್ಣಿಗೆ ಸರಿಯಾದ ದೂರದಲ್ಲಿಟ್ಟು ಮಣೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದು.

ಈಗಾಗಲೇ ಮೂಲೆ ಕತ್ತರಿಸಿದ ಕವಚ ಕೊಂಡು ಕುಳಿತವರಿಗೆ ಒಂದು ಉಪಾಯವುಂಟು. ಶಾಲೆಯಲ್ಲಿ ಪಾಟಿಯ ಮೇಲೆ "ಕೊ" ಬರೆಯುವಾಗ ನಾವು ಎತ್ವ ಹಾಕಿ ಅದಕ್ಕೆ ಕೊಂಬಿನಿಳಿ ಎಳೆಯುತ್ತಿದ್ದೆವಷ್ಟೆ. ಯಂತ್ರಗಳ ಯುನಿಕೋಡ್ ಸಂಕೇತದಲ್ಲಿಯೂ ಒತ್ವವನ್ನು ಹಾಗೆಯೇ ಎತ್ವ ಮತ್ತು ಕೊಂಬಿನಿಳಿ ಕೂಡಿದ್ದೆಂದು ಒಪ್ಪಿದ್ದಾರೆ. ಎತ್ವದ ಕೀಲಿ ಒತ್ತಿ, ಮೇಲೆ ಕೊಂಬಿನಿಳಿಯ ಕೀಲಿ ಒತ್ತಿದರೆ ತೆರೆಯ ಮೇಲೆ ಸರಿಯಾದ "ಕೊ" ಮೂಡುವದು. ಎರಡು ಕೀಲಿ ಒಂದರ ನಂತರ ಒಂದು, ಒಟ್ಟಿಗೆ ಹಿಡಿಯಬೇಕಾಗಿಲ್ಲ. ಹೀಗೆ ಬರೆದ ಶಬ್ದವನ್ನು ಕೆಲವು ತಂತ್ರಾಂಶಗಳು ಹುಡುಕುವಾಗ ಗುರುತಿಸಲಾರವು, ಅದೊಂದು ಕೊರತೆ. ಹೊಸದಾಗಿ ಕೊಳ್ಳುವವರು ಇದನ್ನು ನಂಬಿ ಕೂಡ್ರಬಾರದು. ನಮ್ಮ ಕಾರ್ಯದರ್ಶಿಗಳು ಬೇರೆ ಕವಚಕ್ಕೆ ಹಣ ಮಂಜೂರು ಮಾಡುವದಾಗಿ ಹೇಳಿದರು. ಕಾಕಾ ಮಾತ್ರ ಬೇಡವೆಂದರು. "ಪಾಟಿ ಮ್ಯಾಲ ಹಿಂಗ ಕಲ್ತೀನಿ, ಇದ ಛಲೋ ಐತಿ" ಎಂಬುದು ಅವರ ತೀರ್ಪು.

ಮಂಜೂರಾದ ಹಣದಲ್ಲಿ ಎಲ್ಲ ಕೀಲಿಗಳಿರುವ ಇನ್ನೊಂದು ಕವಚ ತಂದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಕೊಳ್ಳುವ ಮುನ್ನ ಕೈಹಾಕಿ ನೋಡಬಯಸುವವರು ರವಿವಾರ ಸಂಜೆ ಬರಬಹುದು, ಅಳತೆಪಟ್ಟಿ ಖಾನೆಯಲ್ಲಿದೆ. ಕಾಕಾ ಅವರ ವೃತ್ತಾಂತದ ಮೊದಲ ಕಂತು ಮುಂದಿನ ಸಂಚಿಕೆಯಲ್ಲಿ ಬರಲಿದೆ, ನನ್ನ ತಿದ್ದುಪಡಿಯಿಲ್ಲದೆ. ಅದರಲ್ಲಿ ಹೊಲ ಎಂಬ ಶಬ್ದ ಇಪ್ಪತ್ತಮೂರು ಸಲ ಬಂದಿದೆ. ಎಣಿಸಿ ನೋಡಿದ್ದೇನೆ, ಒಂದೂ ಕಳೆದಿಲ್ಲ.