ತಗಡಿನ ಕೊಟ್ಟಿಗೆಯಲ್ಲಿ ಒಂದು ದೇಗುಲ

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಸಮೂಹವಿದೆ. ಅದರಲ್ಲಿ ಲ್ಯಾಂಬ್ ಹೋಮ್ ಎಂಬುದೊಂದು ಪುಟ್ಟ ನಡುಗಡ್ಡೆ. ಪ್ರವಾಸದ ನಡುವೆ ನಾನು ಅಲ್ಲಿಗೆ ಹೋದದ್ದು ದೋಣಿಯಲ್ಲಲ್ಲ, ಸಮುದ್ರವನ್ನು ಸೀಳಿ ಹಾಕಿದ ರಸ್ತೆಯಲ್ಲಿ. ಅಲ್ಲಿಯ ಇಗರ್ಜಿಯ ಕಥೆ ಆ ರಸ್ತೆಯಿಂದಲೇ ಮೊದಲಾಗುತ್ತದೆ.

1939ರ ಅಕ್ಟೋಬರ್ 14ರಂದು ಜರ್ಮನರ ಜಲಾಂತರ್ಗಾಮಿಯೊಂದು ಅಲ್ಲಿಯ ಸ್ಕಾಪಾ ಫ್ಲೋ ಬಂದರಿಗೆ ನುಸುಳಿ 'ರಾಯಲ್ ಓಕ್' ಯುದ್ಧನೌಕೆಯನ್ನು ಮುಳುಗಿಸಿತು. ಎಂಟುನೂರಕ್ಕೂ ಹೆಚ್ಚು ನಾವಿಕರು ಮಡಿದರು. ಬಂದರಿನ ಪೂರ್ವದ ಕಾಲುವೆಗಳನ್ನು ಮುಚ್ಚಲು ಚರ್ಚಿಲ್ ಆಜ್ಞಾಪಿಸಿದರು. ಅದಕ್ಕೆಂದು ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು 1942ರಲ್ಲಿ ಕರೆತಂದರು. ಅದೇ ರಣಭೂಮಿಯ ಇಟಾಲಿಯನ್ ಕೈದಿಗಳು ನಮ್ಮ ಬೆಂಗಳೂರಿನ ಶಿಬಿರಗಳಿಗೂ ಬಂದಿದ್ದುದನ್ನು ಇಲ್ಲಿ ನೆನೆಯಬಹುದು. ಸೆರೆಯಾಳುಗಳಿಂದ ಯುದ್ಧದ ಕೆಲಸ ಮಾಡಿಸಕೂಡದೆಂದು ಆರ್ಕ್ನಿಯ ಕೈದಿಗಳು ಮುಷ್ಕರ ಹೂಡಿದರು. ಇದು ಕೋಟೆಯಲ್ಲ, ದ್ವೀಪಗಳನ್ನು ಕೂಡಿಸುವ ದಾರಿ ಎಂದು ಅಧಿಕಾರಿಗಳು ಸಮಜಾಯಿಷಿ ಹೇಳಿದರು.

1943ರ ಕೊನೆಯಲ್ಲಿ ಈ ಕೈದಿಗಳಿಗೆ ಪ್ರಾರ್ಥನೆಗೆಂದು ಎರಡು ತಗಡಿನ ಕೊಟ್ಟಿಗೆಗಳು ದೊರೆತವು. ಅವನ್ನು ಉದ್ದಕ್ಕೆ ಜೋಡಿಸಿ, ಒಳಗೆ ಜಿಪ್ಸಮ್ ಹಲಗೆ ಹೊದಿಸಿದರು. ಮೊಯೆನಾ ಎಂಬ ಊರಿನ ದೊಮೆನಿಕೊ ಕಿಯೊಕೆತ್ತಿ ಅದರ ಮೇಲೆ ಇಟ್ಟಿಗೆಯನ್ನೂ ಕೆತ್ತಿದ ಕಲ್ಲನ್ನೂ ಬಣ್ಣದಲ್ಲೇ ಬರೆದನು. ಮುಟ್ಟಿ ನೋಡುವವರೆಗೆ ಅದು ಚಿತ್ರವೆಂದು ನಂಬಿಕೆಯಾಗದು. ಪೀಠದ ಹಿಂದೆ ಮಾತೆ ಮರಿಯಳಿದ್ದಾಳೆ, ಮಗುವಿನ ಕೈಯಲ್ಲಿ ಆಲಿವ್ ಕೊಂಬೆಯಿದೆ. ತಾಯಿ ಕೊಟ್ಟಿದ್ದ ಪುಟ್ಟ ಪಟವೊಂದನ್ನು ಕಿಯೊಕೆತ್ತಿ ಯುದ್ಧದುದ್ದಕ್ಕೂ ಕಾಪಾಡಿಕೊಂಡಿದ್ದನು. ಈ ಚಿತ್ರಕ್ಕೆ ಅದೇ ಮೂಲ. ಸುತ್ತಲಿನ ದೇವಶಿಶುಗಳಲ್ಲಿ ಒಂದು ಖಡ್ಗವನ್ನು ಒರೆಗೆ ಸೇರಿಸುತ್ತಿದೆ. ಗರ್ಭಗೃಹದ ಮುಂದಿನ ಕಬ್ಬಿಣದ ಜಾಲರಿ ಪಾಲುಂಬಿ ಎಂಬ ಕಮ್ಮಾರನ ಕೈಕೆಲಸ. ತೂಗುದೀಪಗಳು ಮಾಂಸದ ಖಾಲಿ ಡಬ್ಬಿಗಳಿಂದಾದವು.

ಹೊರಗೆ ಎದುರಿನಿಂದ ನೋಡಿದರೆ ಬಿಳಿಯ ದೇಗುಲ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಹಳೆಯ ತಗಡು ಬಯಲಾಗುತ್ತದೆ. ಈ ಕಲೆ ತನ್ನ ಬಡತನವನ್ನು ಮುಚ್ಚಿಡುವುದಿಲ್ಲ.

1944ರಲ್ಲಿ ಸಂಗಾತಿಗಳೆಲ್ಲ ದ್ವೀಪದಿಂದ ಹೊರಟರೂ ದೀಕ್ಷಾಸ್ನಾನದ ತೊಟ್ಟಿ ಮುಗಿಯುವವರೆಗೆ ಕಿಯೊಕೆತ್ತಿ ಅಲ್ಲಿಯೇ ಉಳಿದನು. 1960ರಲ್ಲಿ ಮರಳಿ ಬಂದು, ಮಾಸಿದ್ದ ಬಣ್ಣಗಳನ್ನು ತಾನೇ ತಿದ್ದಿದನು. ಅವನನ್ನು ಕರೆಸಿಕೊಂಡವರು ಒಂದು ಕಾಲದ ಶತ್ರುಗಳೇ.

ಇಂದು ಶಿಬಿರದ ಉಳಿದ ಕೊಟ್ಟಿಗೆಗಳಿಲ್ಲ. ಕೈದಿಗಳ ದುಡಿಮೆಯಲ್ಲಿ ನಿಂತಿರುವುವು ಮುಖ್ಯವಾಗಿ ಎರಡು: ಕಡಲಿನ ದಾರಿ ಮತ್ತು ಈ ದೇಗುಲ. ಎರಡಕ್ಕೂ ಬಳಸಿದ್ದು ಅದೇ ಸಿಮೆಂಟು, ದುಡಿದದ್ದು ಅವೇ ಕೈಗಳು. ಒಂದನ್ನು ಅವರಿಂದ ಕಟ್ಟಿಸಿದರು. ಇನ್ನೊಂದನ್ನು ಅವರೇ ಕಟ್ಟಿದರು. ಸೆರೆಯಲ್ಲಿಯೂ ಮನುಷ್ಯನಿಗೆ ಉಳಿಯುವ ಸ್ವಾತಂತ್ರ್ಯ ಎಷ್ಟೆಂಬುದನ್ನು ಆ ಅಂತರವೇ ಹೇಳುತ್ತದೆ.